ಮಾಲೀಕರು ಅಲ್ಲೇ ಮಲಗತಕ್ಕದ್ದು

ಮಂಗಳವಾರ ಮಧ್ಯಾಹ್ನ ಮೂರೂ ಹತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು, "ನನ್ನ ಗಂಡ ಕಾಣ್ತಿಲ್ಲ" ಅಂದಳು. ಎಲ್ಲಿ ಇಳಿದುಕೊಂಡಿದ್ದೀರಿ ಎಂದು ಹೆಡ್ ಕಾನ್‌ಸ್ಟೇಬಲ್ ಕೇಳಿದ. ಆಸ್ಪತ್ರೆ ಹಿಂದಿನ ಹೋಂಸ್ಟೇ ಎಂಬ ಮಾತು ಅವಳ ಬಾಯಿಂದ ಬಿದ್ದದ್ದೇ ತಡ, ಅವನು ಪೆನ್ನಿಗೆ ಮುಚ್ಚಳ ಹಾಕಿ ಗೋಡೆಯ ಫಲಕದ ಕಡೆ ಬೆರಳು ತೋರಿಸಿದ.

"ಹೋಂಸ್ಟೇ ದೂರು ಇಲ್ಲಿ ತಗೊಳ್ಳಲ್ಲಮ್ಮ. ನಗರಸಭೆ ಸಹಾಯವಾಣಿಗೆ ಫೋನ್ ಮಾಡಿ. ನಂಬರ್ ಅಲ್ಲೇ ಇದೆ ನೋಡಿ."

ಠಾಣೆಯಲ್ಲಿ ಎಲ್ಲರೂ ನಿಧಾನಯ್ಯ ಎಂದೇ ಕರೆಯುವ ಈ ಮನುಷ್ಯ ಜೀವಮಾನದಲ್ಲಿ ಇಷ್ಟು ಚುರುಕಾಗಿ ಉತ್ತರ ಕೊಟ್ಟಿದ್ದು ಅದೇ ಮೊದಲಿರಬೇಕು. ಹಾಗೆಂದು ತಪ್ಪು ಅವನದೊಬ್ಬನದೇ ಅಲ್ಲ. ಊರು ಸಣ್ಣದು, ಆಸ್ಪತ್ರೆ ದೊಡ್ಡದು. ಆಸ್ಪತ್ರೆಯ ಸುತ್ತಮುತ್ತ ಮನೆಗೊಂದು ಕೋಣೆಯನ್ನು ರೋಗಿಗಳ ಕಡೆಯವರಿಗೆ ದಿನಬಾಡಿಗೆಗೆ ಕೊಡುವುದು ಶುರುವಾದಾಗ, ಅಕ್ಕಪಕ್ಕದವರ ಜಗಳವೂ ಶುರುವಾಗಿತ್ತು. ಗಾಡಿ ನಿಲ್ಲಿಸಿದರು, ಜೋರಾಗಿ ಮಾತಾಡಿದರು, ಬಾಗಿಲು ದಬಾರೆಂದು ಹಾಕಿದರು, ಎಲ್ಲಕ್ಕೂ ಠಾಣೆಗೇ ಫೋನು. ಕೊನೆಗೆ ನಗರಸಭೆ ನಿಯಮಾವಳಿ ತಂದಿತು. ಕುಟುಂಬಕ್ಕೆ ಒಂದೇ ಪರವಾನಗಿ, ಬಾಗಿಲಲ್ಲಿ ಬೋರ್ಡು, ಅತಿಥಿಗಳಿರುವಷ್ಟು ದಿನ ಮಾಲೀಕರು ಅದೇ ಮನೆಯಲ್ಲಿ ಮಲಗತಕ್ಕದ್ದು. ಗದ್ದಲದ ದೂರು ಪೊಲೀಸರಿಗಲ್ಲ, ಸಹಾಯವಾಣಿಗೆ ಎಂಬ ಸಾಲನ್ನು ಮಾತ್ರ ಸಭೆಯಿಂದ ಸಭೆಗೆ ಅಲೆದು, ಹಟ ಹಿಡಿದು ಸೇರಿಸಿದ್ದು ಇದೇ ಠಾಣೆಯ ಇನ್ಸ್‌ಪೆಕ್ಟರ್. ಆವತ್ತು ಅವಳು ಸಿಬ್ಬಂದಿಗೆಲ್ಲ ಸ್ವಂತ ಖರ್ಚಿನಲ್ಲಿ ಚಹಾ ಕೊಡಿಸಿದ್ದಳು.

ಹೆಂಗಸು ಫಲಕದ ಕಡೆ ತಿರುಗಲೂ ಇಲ್ಲ. ಕೈಚೀಲದಿಂದ ಸ್ಟೀಲ್ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲೆ ಕುಕ್ಕಿದಳು. ಒಳಗೆ ಬೆರಳುದ್ದದ ಬಾಗಿದ ನಳಿಗೆ, ಸಣ್ಣ ಬ್ರಷ್, ಹತ್ತಿ, ಬಟ್ಟೆಪಟ್ಟಿ.

"ಅವರ ಗಂಟಲಿಗೆ ಆಪರೇಷನ್ ಆಗಿದೆ. ಇಲ್ಲಿ," ಎಂದು ಕತ್ತಿನ ಬುಡದಲ್ಲಿ ಬೆರಳಿಟ್ಟಳು, "ತೂತು ಮಾಡಿ ನಳಿಗೆ ಇಟ್ಟಿದ್ದಾರೆ. ಉಸಿರಾಡೋದು ಅದರಲ್ಲೇ. ಮೂರು ನಾಲ್ಕು ಗಂಟೆಗೊಂದು ಸಲ ಒಳನಳಿಗೆ ತೆಗೆದು ತೊಳೀಬೇಕು. ಇಲ್ಲಾಂದ್ರೆ ಕಫ ಗಟ್ಟಿಯಾಗಿ ಕಟ್ಟಿಕೊಳ್ಳುತ್ತೆ. ಬೆಳಿಗ್ಗೆ ಒಂಬತ್ತಕ್ಕೆ ತೊಳೆದಿದ್ದು. ಸಾಮಾನೆಲ್ಲ ಇಲ್ಲಿದೆ, ಅವರೇ ಇಲ್ಲ. ಯಾರನ್ನಾದ್ರೂ ಕೂಗೋಣ ಅಂದ್ರೆ ಅವರಿಗೆ ದನಿಯೂ ಇಲ್ಲ."

ಒಳಗಿನ ಕೋಣೆಯಲ್ಲಿ ಕೂತು ಕೇಳುತ್ತಿದ್ದ ಇನ್ಸ್‌ಪೆಕ್ಟರ್ ಗೋಡೆ ಗಡಿಯಾರ ನೋಡಿದಳು. ಒಂಬತ್ತರಿಂದ ಮೂರೂಕಾಲು. ಟೋಪಿ ಹಾಕಿಕೊಳ್ಳುತ್ತಲೇ ಹೊರಗೆ ಬಂದಳು.

"ನಿಧಾನಯ್ಯ, ದೂರು ಬರೆದುಕೊಳ್ಳೋಕೆ ರೈಟರ್‌ಗೆ ಹೇಳಿ. ಕಾಣೆಯಾದ ಪ್ರಕರಣ, ಈಗಲೇ FIR ಆಗಲಿ. ನೀವು ಜೀಪ್ ತೆಗೀರಿ. ಅಮ್ಮ, ಡಬ್ಬಿ ತಗೊಂಡು ಬನ್ನಿ. ಮಿಕ್ಕಿದ್ದು ದಾರಿಯಲ್ಲಿ ಹೇಳಿ."

ದಾರಿಯಲ್ಲಿ ಅವಳು ಹೇಳಿದ್ದಿಷ್ಟು. ಗಂಡ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು. ಕೂಗಿ ಕೂಗಿ ಗಂಟಲು ಕೆಟ್ಟಿದೆ ಎಂದುಕೊಂಡಿದ್ದರು, ಅದು ಗಂಟಲಿನ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮುಗಿದು, ಮುಂದಿನ ಚಿಕಿತ್ಸೆಗೆಂದು ಇಲ್ಲೇ ಕೋಣೆ ಹಿಡಿದಿದ್ದಾರೆ. ಬೆಳಿಗ್ಗೆ ಹತ್ತಕ್ಕೆ ಅವಳು ರಿಪೋರ್ಟಿಗೆಂದು ಆಸ್ಪತ್ರೆಯ ಸಾಲಿನಲ್ಲಿ ನಿಂತಳು. ಎರಡಕ್ಕೆ ವಾಪಸು ಬಂದಾಗ ಹೊರಬಾಗಿಲಿಗೆ ಬೀಗ ಬಿದ್ದಿತ್ತು. ತನ್ನ ಹತ್ತಿರವಿದ್ದ ಕೀಲಿಯಿಂದ ತೆಗೆದು ನೋಡಿದರೆ ಒಳಗೆ ಯಾರೂ ಇಲ್ಲ. ಮೊಬೈಲಿಗೆ ಕರೆ ಮಾಡಿದಳು. ಅದು ಕೋಣೆಯಲ್ಲೇ, ಚಾರ್ಜಿಗೆ ಹಾಕಿದ ಜಾಗದಲ್ಲೇ ಬಡಿದುಕೊಂಡಿತು.

"ಮನೆಯೊಡತಿ?"

"ಮೂರಕ್ಕೆ ಐದು ಹತ್ತು ನಿಮಿಷ ಇರುವಾಗ ಬಂದ್ರು. ವಾಕಿಂಗ್ ಹೋಗಿರಬೇಕು, ಬರ್ತಾರೆ ಬಿಡಿ ಅಂದ್ರು. ಅವರು ಡಬ್ಬಿ ಬಿಟ್ಟು ಬೀದಿಯ ತುದಿಗೂ ಹೋಗಲ್ಲ ಮೇಡಂ."

ಮನೆ ಆಸ್ಪತ್ರೆಯ ಹಿಂಗೋಡೆಗೆ ಎದುರಾಗಿತ್ತು. ಹೆಂಚಿನ ಮನೆ, ಮುಂದೆ ಎರಡು ಮೆಟ್ಟಿಲು, ಬಾಗಿಲ ಪಕ್ಕ ನಗರಸಭೆಯ ನೀಲಿ ಬೋರ್ಡು. ಒಡತಿಗೆ ಐವತ್ತು ದಾಟಿರಬಹುದು. ಬೀದಿಯವರಿಗೆಲ್ಲ ಅವಳು ಹೋಂಸ್ಟೇ ಅಕ್ಕ. ಪೊಲೀಸರನ್ನು ಕಂಡು ಗಾಬರಿಯಾದಳು. ಅದರಲ್ಲೇನೂ ವಿಶೇಷವಿಲ್ಲ, ಪೊಲೀಸರನ್ನು ಕಂಡರೆ ತಪ್ಪು ಮಾಡದವರೂ ಬೆವರುತ್ತಾರೆ. ಆದರೆ ಇವಳು ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಇದ್ದಳು. ಕುರ್ಚಿ ಎಳೆದು ಹಾಕಿದ್ದೂ ಎಡಗೈಯಲ್ಲೇ.

"ಎಷ್ಟು ಹೊತ್ತಿಗೆ ಹೋದ್ರು?"

"ಹತ್ತೂವರೆ ಇರಬಹುದು."

"ಯಾವ ಕಡೆ?"

"ಮುಂದೆ. ಮೆಡಿಕಲ್ ಶಾಪ್ ಕಡೆ."

"ನೀವು ನೋಡಿದ್ರಾ?"

"ನೋಡಿದೆ."

"ಆಮೇಲೆ ನೀವೆಲ್ಲಿ ಹೋಗಿದ್ರಿ?"

"ನಗರಸಭೆಗೆ. ತಪಾಸಣೆ ಇತ್ತು. ಸಹಿ ಹಾಕೋಕೆ ಬನ್ನಿ ಅಂತ ಕರೆದುಕೊಂಡು ಹೋದ್ರು."

ಹರಾಜುಗಾರನ ಹೆಂಡತಿ ನಡುವೆ ಬಾಯಿ ಹಾಕಿದಳು. "ಅಕ್ಕಾ, ನಿಮಗೆ ಕೈ ಮುಗೀತೀನಿ, ನೆನಪು ಮಾಡ್ಕೊಳ್ಳಿ. ಕೆಮ್ಮುತ್ತಾ ಇದ್ರಾ? ನಳಿಗೆಯಲ್ಲಿ ಸದ್ದು ಬರ್ತಿತ್ತಾ?"

ಒಡತಿ ಅವಳ ಮುಖ ನೋಡಲಿಲ್ಲ. "ಚೆನ್ನಾಗೇ ಇದ್ರು," ಅಂದಳು.

ಹುಡುಕಾಟ ಶುರುವಾಯಿತು. ಒಬ್ಬ ಕಾನ್‌ಸ್ಟೇಬಲ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿದ, ಇನ್ನೊಬ್ಬ ಬಸ್ ನಿಲ್ದಾಣಕ್ಕೆ. ಕತ್ತಿಗೆ ಬಿಳಿ ಬಟ್ಟೆ ಸುತ್ತಿಕೊಂಡ ಎತ್ತರದ ಗಂಡಸನ್ನು ಯಾರೂ ನೋಡಿರಲಿಲ್ಲ. ನಿಧಾನಯ್ಯನನ್ನು ಮೆಡಿಕಲ್ ಶಾಪಿನ ಕ್ಯಾಮೆರಾ ನೋಡಲು ಕಳಿಸಿ, ಇನ್ಸ್‌ಪೆಕ್ಟರ್ ಕೋಣೆ ನೋಡಿದಳು. ಮಂಚ, ಚಾರ್ಜಿನಲ್ಲಿ ಮೊಬೈಲು, ಅವನು ಮಾತಿಗೆ ಬದಲು ಬರೆದು ತೋರಿಸುವ ಪ್ಲಾಸ್ಟಿಕ್ ಸ್ಲೇಟು. ಚಪ್ಪಲಿ ಮಾತ್ರ ಇರಲಿಲ್ಲ. ತಾನಾಗಿಯೇ ನಡೆದು ಹೋಗಿದ್ದಾನೆ, ಬೇಗ ಬರುತ್ತೇನೆ ಎಂಬ ಧೈರ್ಯದಲ್ಲೂ ಹೋಗಿದ್ದಾನೆ. ಅಷ್ಟು ಹತ್ತಿರ ಎಲ್ಲಿಗೆ?

ಅವನ ಹೆಂಡತಿ ಡಬ್ಬಿಯನ್ನು ಎದೆಗವಚಿಕೊಂಡು ಬಾಗಿಲಿಗೂ ಮೆಟ್ಟಿಲಿಗೂ ಓಡಾಡುತ್ತಿದ್ದಳು. ಕೂರಿ ಎಂದು ಹೇಳಲು ಇನ್ಸ್‌ಪೆಕ್ಟರ್‌ಗೆ ಬಾಯಿ ಬರಲಿಲ್ಲ. ಅವಳಿಗೇ ಕೂರಲು ಆಗುತ್ತಿರಲಿಲ್ಲ.

ನಾಲ್ಕೂಕಾಲಿಗೆ ನಿಧಾನಯ್ಯ ಏದುಸಿರು ಬಿಡುತ್ತ ಬಂದ. ಓಡಿಕೊಂಡು ಬಂದಿದ್ದ, ಪಾಪ.

"ಮೇಡಂ, ಹತ್ತರಿಂದ ಹನ್ನೆರಡರ ತನಕ ನೋಡಿದೆ. ಆಸಾಮಿ ಆ ಕಡೆ ಬಂದೇ ಇಲ್ಲ. ಬಂದಿದ್ರೆ ಕ್ಯಾಮೆರಾ ಕಣ್ಣು ತಪ್ಪಿಸೋಕೆ ಸಾಧ್ಯನೇ ಇಲ್ಲ."

"ಹಾಗಾದ್ರೆ ಹಿಂದಿನಿಂದ ಹೋಗಿದ್ದಾರೆ."

ಅಡುಗೆಮನೆ ದಾಟಿದರೆ ಹಿತ್ತಿಲು, ಹಿತ್ತಿಲಿಗೊಂದು ತಗಡಿನ ಗೇಟು, ಅದರಾಚೆ ಹಿಂದಿನ ಬೀದಿ. ಒಡತಿ ಸುಳ್ಳು ಹೇಳಿದ್ದಾಳೆ ಎಂಬುದು ಈಗ ಖಚಿತ. ಯಾಕೆ ಎಂಬುದು ಗೊತ್ತಾಗುತ್ತಿಲ್ಲ. ಅತಿಥಿಯ ಮೈಮೇಲೆ ಬಂಗಾರವಿಲ್ಲ, ಅವನಿಗೆ ಯಾರ ಮೇಲೂ ಹಗೆಯಿಲ್ಲ.

ಇನ್ಸ್‌ಪೆಕ್ಟರ್ ಒಡತಿಯ ಕೋಣೆಗೆ ಹೋದಳು. ಪರವಾನಗಿಯ ಪ್ರಕಾರ ಮಾಲೀಕರು ಮಲಗುವ ಕೋಣೆ. ಎಲ್ಲವೂ ಇತ್ತು. ಹಾಸಿಗೆ, ಹೊದಿಕೆ, ಕನ್ನಡಿ, ಸೋಪು, ಬಾಚಣಿಗೆ. ಎಲ್ಲ ಎಷ್ಟು ಓರಣವಾಗಿತ್ತೆಂದರೆ ಅಂಗಡಿಯ ಕಪಾಟು ನೋಡಿದ ಹಾಗಿತ್ತು. ದಿಂಬಿನಲ್ಲಿ ತಲೆಯಿಟ್ಟ ಗುಳಿಯಿಲ್ಲ. ಸೋಪಿನ ಮೇಲೆ ಕಂಪನಿಯ ಹೆಸರು ಹೊಸದರಂತೆ ಎದ್ದು ಕಾಣುತ್ತಿತ್ತು. ಬಾಚಣಿಗೆ ಎತ್ತಿ ಬೆಳಕಿಗೆ ಹಿಡಿದಳು. ಐವತ್ತು ದಾಟಿದ ಹೆಂಗಸಿನ ಬಾಚಣಿಗೆಯಲ್ಲಿ ಒಂದೇ ಒಂದು ಕೂದಲಿಲ್ಲ! ತನ್ನ ಬಾಚಣಿಗೆಯ ಅವಸ್ಥೆ ಅವಳಿಗೆ ಗೊತ್ತಿಲ್ಲವೇ?

ಈ ಹೆಂಗಸು ಈ ಮನೆಯಲ್ಲಿ ಮಲಗುವುದಿಲ್ಲ.

ಅಲ್ಲೇ ನಿಂತು ನಗರಸಭೆಯ ಲೈಸೆನ್ಸ್ ಅಧಿಕಾರಿಗೆ ಫೋನ್ ಮಾಡಿದಳು. ಅವನು ಹಾಯಾಗಿ ಮಾತಾಡಿದ.

"ಹೌದು ಮೇಡಂ, ಹನ್ನೊಂದಕ್ಕೆ ಹೋಗಿದ್ವಿ. ಮಾಲೀಕರು ಅಲ್ಲಿ ಇರಲ್ಲ ಅಂತ ಯಾರೋ ಅರ್ಜಿ ಹಾಕಿದ್ರು. ಕೋಣೆ ನೋಡಿದ್ವಿ, ಎಲ್ಲ ಸರಿಯಾಗೇ ಇತ್ತು. ಅತಿಥಿಗಳನ್ನೂ ವಿಚಾರಿಸಬೇಕು, ನಿಯಮ. ಆದರೆ ಯಾರೂ ಇರಲಿಲ್ಲ. ಹಾಗಾಗಿ ಸಹಿಗೆ ಆಫೀಸಿಗೇ ಕರೆತಂದೆ. ಸಾಹೇಬ್ರು ಊಟಕ್ಕೆ ಹೋಗಿದ್ರು, ಎರಡೂವರೆ ಆಯ್ತು."

"ಅರ್ಧ ದಿನ ಕೂರಿಸಿಕೊಂಡಿದ್ರಾ?"

"ಎದ್ದು ಹೋಗ್ತೀನಿ ಅಂತ ಆಯಮ್ಮನೂ ಬಹಳ ಚಡಪಡಿಸಿದ್ರು. ಸಹಿ ಆಗದೆ ಹೋದ್ರೆ ಪರವಾನಗಿ ರದ್ದಾಗುತ್ತೆ ಅಂದೆ, ಕೂತ್ರು. ಇವತ್ತು ಅವರ ಗ್ರಹಚಾರವೇ ಸರಿ ಇಲ್ಲ ಮೇಡಂ. ಸಹಾಯವಾಣಿಗೂ ಅವರ ಮೇಲೆ ಎರಡು ಸಲ ದೂರು. ಹಿಂದಿನ ಬೀದಿಯಲ್ಲಿ, ಫೋಟೋಗೆ ಕಟ್ಟು ಹಾಕೋ ಅಂಗಡಿ ಮಹಡಿಯಲ್ಲಿ, ಹೋಂಸ್ಟೇ ಅಕ್ಕನ ಅತಿಥಿ ಬಾಗಿಲು ಬಡೀತಿದ್ದಾನೆ, ಗದ್ದಲ ತಡೆಯೋಕೆ ಆಗ್ತಿಲ್ಲ ಅಂತ."

"ನೀವೇನು ಮಾಡಿದ್ರಿ?"

"ಆ ವಿಳಾಸದಲ್ಲಿ ಪರವಾನಗಿ ಇರೋ ಹೋಂಸ್ಟೇನೇ ಇಲ್ಲವಲ್ಲ. ದೂರು ಮುಕ್ತಾಯ ಮಾಡಿದ್ವಿ."

ಫೋನಿಟ್ಟು ಹೊರಗೆ ಬಂದಾಗ ಒಡತಿ ಗೋಡೆಗೊರಗಿ ನಿಂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು.

"ಕೈ ತೋರಿಸಿ," ಅಂದಳು ಇನ್ಸ್‌ಪೆಕ್ಟರ್.

ಸೆರಗಿನಿಂದ ಬಲಗೈ ಹೊರಗೆ ಬಂತು. ಮುಷ್ಟಿ ಬಿಡಿಸಲು ಇನ್ನೊಂದು ಕೈಯ ಸಹಾಯ ಬೇಕಾಯಿತು. ಒಳಗೆ ಒಂದು ಕೀಲಿ. ಅಷ್ಟು ಹೊತ್ತಿನಿಂದ ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅದರ ಹಲ್ಲುಗಳು ಅಂಗೈಯಲ್ಲಿ ಕೆಂಪಗೆ ಮೂಡಿದ್ದವು.

ಕೀಲಿ ಕಿತ್ತುಕೊಂಡು ಇನ್ಸ್‌ಪೆಕ್ಟರ್ ಹಿತ್ತಿಲ ಗೇಟಿನಿಂದ ಓಡಿದಳು. ಹಿಂದೆ ಡಬ್ಬಿ ಹಿಡಿದ ಹೆಂಡತಿ, ಅವಳ ಹಿಂದೆ ನಿಧಾನಯ್ಯ. ಕಾನ್‌ಸ್ಟೇಬಲ್ ಒಬ್ಬ ಒಡತಿಯ ಪಕ್ಕ ನಿಂತ.

ಹಿಂದಿನ ಬೀದಿಯಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ. ಅಂಗಡಿಯವನು ಗಾಜು ಒರೆಸುತ್ತ ಕೂತಿದ್ದ. ಖಾಕಿ ಕಂಡು ಎದ್ದುನಿಂತ.

"ಮಹಡಿ ಮೆಟ್ಟಿಲು ಎಲ್ಲಿ?"

"ಪಕ್ಕದಲ್ಲಿ ಮೇಡಂ. ಬಂದ್ರಲ್ಲ, ಪುಣ್ಯ. ಹನ್ನೆರಡರಿಂದ ಒಂದೇ ಸಮ ಧಡಧಡ. ನನ್ನ ಗಾಜೆಲ್ಲ ಅದುರಿ..."

"ಈಗ ಸದ್ದಿಲ್ಲವಲ್ಲ?"

"ಈಗ ನಿಂತಿದೆ. ಮುಕ್ಕಾಲು ಗಂಟೆಯಾಯ್ತು. ಸಹಾಯವಾಣಿಯವರು ಏನೋ ಕ್ರಮ ತಗೊಂಡ್ರು ಅಂದುಕೊಂಡೆ."

"ಮೇಲೆ ಹೋಗಿ ನೋಡಬಾರದಿತ್ತೇನ್ರಿ?" ನಿಧಾನಯ್ಯ ರೇಗಿದ.

"ನೇರವಾಗಿ ಜಗಳಕ್ಕೆ ಹೋಗಬೇಡಿ, ಸಹಾಯವಾಣಿಗೆ ತಿಳಿಸಿ ಅಂತ ನೀವೇ ಚೀಟಿ ಅಂಟಿಸಿದ್ದೀರಲ್ಲ ಸ್ವಾಮಿ!"

ಅಂಗಡಿಯ ಕಂಬದ ಮೇಲೆ ಆ ಚೀಟಿ ಇತ್ತು. ಕೆಳಗೆ ಇನ್ಸ್‌ಪೆಕ್ಟರ್‌ಳದೇ ಸಹಿ. ಅದನ್ನು ನೋಡಿಯೂ ನೋಡದವಳಂತೆ ಅವಳು ಮೆಟ್ಟಿಲು ಹತ್ತಿದಳು. ಮುಖ ಮಾತ್ರ ಕಿವಿಯವರೆಗೆ ಕಾದಿತ್ತು.

"ಮೇಡಂ, ಪಂಚರನ್ನ ಕರೀಲಾ?"

"ಮೊದಲು ಬಾಗಿಲು. ಪಂಚನಾಮೆ ಆಮೇಲೆ."

ಕೀಲಿ ಒಂದು ಸಲಕ್ಕೆ ತಿರುಗಲಿಲ್ಲ. ಎರಡನೇ ಸಲಕ್ಕೆ ಬೀಗ ಬಿಟ್ಟುಕೊಂಡಿತು. ಬಾಗಿಲು ಪೂರ್ತಿ ತೆರೆಯಲಿಲ್ಲ, ಒಳಗೆ ಏನೋ ಅಡ್ಡ ಇತ್ತು. ಅಡ್ಡ ಇದ್ದದ್ದು ಅವನೇ. ಬಾಗಿಲ ಕೆಳಗಿನ ಸಂದಿನಿಂದ ಗಾಳಿ ಬರಲೆಂದೋ ಏನೋ, ಕತ್ತನ್ನು ಹೊಸಿಲಿಗೆ ಚಾಚಿ ಬಿದ್ದಿದ್ದ. ಕೈಯಲ್ಲಿ ನೆಗ್ಗಿದ ಸ್ಟೀಲ್ ಚೊಂಬು. ತುಟಿ ನೀಲಿ. ಕತ್ತಿನ ನಳಿಗೆಯಿಂದ ತೆಳ್ಳಗೆ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಬರುತ್ತಿತ್ತು, ನಿಲ್ಲುತ್ತಿತ್ತು.

ಇನ್ಸ್‌ಪೆಕ್ಟರ್ ಮತ್ತು ನಿಧಾನಯ್ಯ ಸಂದಿಯಲ್ಲಿ ತೂರಿ ಅವನನ್ನು ಎತ್ತಿ ಕೂರಿಸಿದರು. ಹೆಂಡತಿ ಅಳಲಿಲ್ಲ, ಗಂಡನ ಹೆಸರು ಕರೆಯಲೂ ಇಲ್ಲ. ಮೊಣಕಾಲೂರಿ ಕೂತು, ನಳಿಗೆಯ ಕೊಂಡಿ ತಿರುಗಿಸಿ ಒಳನಳಿಗೆಯನ್ನು ಸರಕ್ಕೆಂದು ಎಳೆದಳು. ಅದರ ತುಂಬ ಒಣಗಿದ ಅಂಟಿನ ಹಾಗೆ ಕಫ ಗಟ್ಟಿಯಾಗಿತ್ತು. ಒಂದು ಕ್ಷಣ ಏನೂ ಆಗಲಿಲ್ಲ. ನಿಧಾನಯ್ಯ ಕಣ್ಣು ಮುಚ್ಚಿಕೊಂಡ. ಆಮೇಲೆ ಆ ಎತ್ತರದ ಮೈ ಇಡಿಯಾಗಿ ನಡುಗಿತು, ಹರಾಜುಗಾರ ಒಂದು ದೊಡ್ಡ ಕೆಮ್ಮು ಕೆಮ್ಮಿದ. ಹೆಂಡತಿಯ ಮುಖದ ಮೇಲೆಲ್ಲ ಸಿಡಿಯಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ, ಡಬ್ಬಿಯಿಂದ ಹೊಸ ನಳಿಗೆ ತೆಗೆದು ಕೂರಿಸಿ, ಕೊಂಡಿ ಹಾಕಿ, ಆಮೇಲೆ ಗಂಡನ ಭುಜಕ್ಕೆ ಹಣೆಯೊತ್ತಿ ಜೋರಾಗಿ ಅತ್ತಳು.

ಐದಕ್ಕೆ ಹತ್ತು ನಿಮಿಷ ಇತ್ತು. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ತುಟಿಯ ಬಣ್ಣ ತಿರುಗಿತ್ತು.

ಆಮೇಲೆ ಪಂಚನಾಮೆ ನಡೆಯಿತು. ಅಂಗಡಿಯವನನ್ನೂ ಪಕ್ಕದ ಮನೆಯವನನ್ನೂ ಪಂಚರಾಗಿ ಕೂರಿಸಿದರು. ಒಂದೇ ಕೋಣೆ, ಒಂದು ಕಿಟಕಿ, ಅದೂ ಗೋಡೆಗೆ ಎದುರಾಗಿ. ಹಾಸಿಗೆ ಸುಕ್ಕುಗಟ್ಟಿತ್ತು. ಬಾಚಣಿಗೆಯಲ್ಲಿ ನರೆಗೂದಲಿತ್ತು. ಬಾಗಿಲ ಒಳಮೈಯಲ್ಲಿ ಚೊಂಬಿನಿಂದ ಬಡಿದ ಗುರುತು ಎದೆಯೆತ್ತರದಿಂದ ಶುರುವಾಗಿ, ಬರಬರುತ್ತ ಕೆಳಗಿಳಿದು, ನೆಲದಿಂದ ಒಂದು ಗೇಣಿನ ಹತ್ತಿರ ಮುಗಿದಿತ್ತು. ಇನ್ಸ್‌ಪೆಕ್ಟರ್ ಅದನ್ನೂ ಬರೆಸಿದಳು. ಜೊತೆಗೆ, ಸಹಾಯವಾಣಿಗೆ ಹೋದ ಎರಡು ಕರೆಗಳ ವಿವರವನ್ನೂ, ಅವು ಯಾರ ಸೂಚನೆಯಂತೆ ಅಲ್ಲಿಗೆ ಹೋದವು ಎಂಬುದನ್ನೂ ಬರೆಸಿದಳು.

"ಅದು ಬೇಕಾ ಮೇಡಂ?" ನಿಧಾನಯ್ಯ ಮೆಲ್ಲಗೆ ಕೇಳಿದ. "ನಿಮ್ಮ ಮೇಲೇ ಬರುತ್ತೆ."

"ಬರಲಿ. ಬರೀರಿ."

ಸಂಜೆ ಆರೂವರೆಗೆ ಹೋಂಸ್ಟೇ ಅಕ್ಕನನ್ನು ದಸ್ತಗಿರಿ ಮಾಡಲಾಯಿತು. ಅಕ್ರಮವಾಗಿ ಕೂಡಿಹಾಕಿದ್ದು, ಜೀವಕ್ಕೆ ಅಪಾಯ ತಂದದ್ದು, ಪೊಲೀಸರಿಗೆ ಸುಳ್ಳು ಮಾಹಿತಿ ಕೊಟ್ಟದ್ದು. ಅವಳು ಒಂದಕ್ಕೂ ಇಲ್ಲ ಅನ್ನಲಿಲ್ಲ. ಮಹಿಳಾ ಕಾನ್‌ಸ್ಟೇಬಲ್ ಕೊಟ್ಟ ನೀರನ್ನು ಕುಡಿಯದೆ ಲೋಟ ಹಿಡಿದುಕೊಂಡೇ ಕೂತಳು. ಇನ್ಸ್‌ಪೆಕ್ಟರ್ ಕೇಳುತ್ತಿದ್ದಳು, ರೈಟರ್ ಹೇಳಿಕೆ ಬರೆದುಕೊಳ್ಳುತ್ತಿದ್ದ.

"ಏನು ಹೇಳಿ ಕರೆದುಕೊಂಡು ಹೋದ್ರಿ?"

"ಮನೆಗೆ ಜಿರಳೆ ಔಷಧಿ ಹೊಡೀತಾರೆ, ಅರ್ಧ ಗಂಟೆ ಮೇಲಿನ ಮನೆಯಲ್ಲಿ ಕೂರಿ ಅಂದೆ. ಒಳ್ಳೆಯ ಮನುಷ್ಯ, ತಲೆ ಆಡಿಸಿಕೊಂಡು ಬಂದ್ರು. ತಪಾಸಣೆಯವರು ಕೇಳಿದ್ರೆ ಸ್ಲೇಟಲ್ಲಿ ನಿಜ ಬರೆದುಬಿಡ್ತಾರೆ ಅಂತ ಭಯ ಇತ್ತು. ವಾಪಸು ಬಂದುಬಿಟ್ರೆ ಅಂತ ಬೀಗ ಹಾಕಿದೆ."

"ಮೂರಕ್ಕೆ ಬಂದವರು ನೇರ ಅಲ್ಲಿಗೇ ಹೋಗಬಹುದಿತ್ತಲ್ಲ?"

"ಬಾಗಿಲಲ್ಲೇ ಅವರ ಹೆಂಡತಿ ನಿಂತಿದ್ರು. ಅವರು ಠಾಣೆಗೆ ಹೊರಟ ಕೂಡಲೇ ಹಿತ್ತಿಲಿಗೆ ಹೋದೆ. ಗೇಟು ತೆಗೆಯೋಷ್ಟರಲ್ಲಿ ಬೀದಿಯವರೆಲ್ಲ ವಿಚಾರಿಸೋಕೆ ಒಳಗೆ ಬಂದ್ರು. ಆಮೇಲೆ ನೀವು ಬಂದ್ರಿ. ನೀವು ಹೋದ ತಕ್ಷಣ ತೆಗೀತೀನಿ ಅಂದುಕೊಂಡೆ. ನೀವು ಹೋಗಲೇ ಇಲ್ಲ."

ಇನ್ಸ್‌ಪೆಕ್ಟರ್‌ಗೆ ಸಿಟ್ಟು ನೆತ್ತಿಗೇರಿತು. "ಆಯಮ್ಮ ನಿಮ್ಮೆದುರೇ ಕೈ ಮುಗಿದರು. ಬಾಯಿಬಿಡೋಕೆ ಒಂದು ಮಾತು ಸಾಕಾಗಿತ್ತು. ಅಂಥಾದ್ದೇನಿತ್ತು? ಬೇರೆ ಮನೆ ಹಿಡಿದು ಮಲಗುವ ಬದಲು ಇದ್ದ ಮನೆಯಲ್ಲೇ ಮಲಗೋಕೆ ಏನು ಕಷ್ಟ?"

ಹೆಂಗಸು ಲೋಟವನ್ನು ಮೇಜಿನ ಮೇಲಿಟ್ಟಳು.

"ನನ್ನ ಗಂಡನೂ ಅದೇ ಆಸ್ಪತ್ರೆ ರೋಗಿ," ಅಂದಳು. "ಶ್ವಾಸಕೋಶ. ಈಗ ಬಾಡಿಗೆಗೆ ಕೊಡೋ ಆ ಕೋಣೆಯಲ್ಲೇ ಇದ್ರು. ರಾತ್ರಿಯೆಲ್ಲ ಕೆಮ್ಮು. ತಿಂಗಳುಗಟ್ಟಲೆ ನಾನು ಕಣ್ಣು ಮುಚ್ಚಿಲ್ಲ. ಒಂದು ರಾತ್ರಿ ಕೆಮ್ಮು ನಿಂತಿತು. ಅಬ್ಬಾ, ಇವತ್ತು ನಿದ್ದೆ ಬಂತಲ್ಲ ಅವರಿಗೆ ಅಂತ ನಾನೂ ಮಲಗಿದೆ. ಬೆಳಗಾಗೋ ತನಕ ಮಲಗಿದೆ ಮೇಡಂ. ಸುಖವಾಗಿ."

ರೈಟರ್‌ನ ಪೆನ್ನು ನಿಂತಿತು. ಅವನು ಇನ್ಸ್‌ಪೆಕ್ಟರ್ ಮುಖ ನೋಡಿದ. ಅವಳು ಬರಿ ಎಂದು ಕಣ್ಣಲ್ಲೇ ಹೇಳಿದಳು.

"ನನ್ನ ಮನೆಗೆ ಬರೋರೆಲ್ಲ ಕೆಮ್ಮೋರೇ. ಕೆಮ್ಮಿದ್ರೆ ನನಗೇನೂ ಆಗಲ್ಲ. ಗೋಡೆಯಾಚೆ ಕೆಮ್ಮು ನಿಂತ್ರೆ ಎದ್ದು ಹೋಗಿ ಬಾಗಿಲಿಗೆ ಕಿವಿ ಇಡಬೇಕು. ಇನ್ನೊಂದು ಸಲ ಕೆಮ್ಮೋ ತನಕ ಅಲ್ಲೇ ನಿಂತಿರಬೇಕು. ಮನೆ ಬಿಟ್ಟರೆ ನನಗೆ ಬೇರೆ ಬದುಕಿಲ್ಲ. ಅಲ್ಲೇ ಮಲಗಬೇಕು ಅಂತ ರೂಲು. ಒಂದು ವರ್ಷ ಪ್ರಯತ್ನಪಟ್ಟೆ. ಆಗಲಿಲ್ಲ."

ಹೇಳಿಕೆ ಓದಿ ಹೇಳಿದರು. ಸರಿ ಇದೆ ಎಂದಳು. ಪೆನ್ನು ಕೈಗೆ ತೆಗೆದುಕೊಂಡವಳು ಸಹಿ ಹಾಕದೆ ತಲೆಯೆತ್ತಿದಳು.

"ಅವರು ಈಗ..."

ಇನ್ಸ್‌ಪೆಕ್ಟರ್ ಹೇಳಿಕೆಗೆ ಕೂರುವ ಮೊದಲು ಆಸ್ಪತ್ರೆಯ ವಾರ್ಡಿಗೆ ಹೋಗಿ ಬಂದಿದ್ದಳು. ಗದರಿಸಬೇಕೆಂದು ಬಾಯಿಗೆ ಬಂದ ಮಾತನ್ನು ಅಲ್ಲೇ ನುಂಗಿಕೊಂಡಳು.

"ಕೆಮ್ಮುತ್ತಿದ್ದಾರಮ್ಮ," ಅಂದಳು. "ಚೆನ್ನಾಗೇ ಕೆಮ್ಮುತ್ತಿದ್ದಾರೆ."

ಹೆಂಗಸು ಸಹಿ ಹಾಕಿದಳು. ಪೆನ್ನನ್ನು ವಾಪಸು ಕೊಟ್ಟು ಗೋಡೆಗೆ ತಲೆಯಾನಿಸಿದಳು. ರೈಟರ್ ಹಾಳೆಗಳಿಗೆ ಮೊಹರು ಒತ್ತಿ ಮುಗಿಸುವಷ್ಟರಲ್ಲಿ, ಠಾಣೆಯ ಫೋನುಗಳು, ವೈರ್‌ಲೆಸ್ಸು, ಬೂಟುಗಳ ಸದ್ದಿನ ನಡುವೆ, ಕೂತಲ್ಲೇ ನಿದ್ದೆ ಹೋಗಿದ್ದಳು.